ಮಾಟವಾದ ಮೂಗು, ಮಾಟವಾದ ಮನೆ

ಮೂಗು ಮಾಟವಾಗಿದೆ ಎಂದರೆ ಹೊಗಳಿಕೆ. ಮನೆಗೆ ಮಾಟವಾಗಿದೆ ಎಂದರೆ ಹಿತ್ತಿಲಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣಿಗಾಗಿ ಹುಡುಕಾಟ ಶುರು. ಪದ ಮಾತ್ರ ಒಂದೇ. ಆಡಿದ್ದು ಆಟ, ನೋಡಿದ್ದು ನೋಟ, ಮಾಡಿದ್ದು ಮಾಟ. ಹಳಗನ್ನಡದಲ್ಲಿ ಮಾಟವೆಂದರೆ ರಚನೆ, ಕೆಲಸಗಾರಿಕೆ, ಅಂದ. ಕಾಣದ ಕೈಯೊಂದರ ಗುಮಾನಿ ಸೇರಿಕೊಂಡ ಮೇಲೆ ಅದೇ ಪದ ಹೆದರಿಸತೊಡಗಿತು. ‘ಯಾರೋ ಮಾಡಿಸಿದ್ದಾರೆ’ ಎಂದರೆ ಇಂದಿಗೂ ಸಾಕು. ಏನನ್ನು ಎಂದು ಯಾರೂ ಕೇಳುವುದಿಲ್ಲ.

ಮಾಯೆಯ ಪಯಣವೂ ಇಂಥದೇ. ಋಗ್ವೇದದ ಇಂದ್ರ ಮಾಯೆಗಳಿಂದ ಹಲವು ರೂಪ ತಾಳುತ್ತಾನೆ. ಅಲ್ಲಿ ಅದು ಸಾಮರ್ಥ್ಯ. ಅದ್ವೈತಕ್ಕೆ ಬರುವಷ್ಟರಲ್ಲಿ ಸತ್ಯವನ್ನು ಮರೆಸುವ ತೆರೆ. 12ನೇ ಶತಮಾನದ ಅಲ್ಲಮ ಅದನ್ನು ಹೊನ್ನು, ಹೆಣ್ಣು, ಮಣ್ಣುಗಳಿಂದ ಬಿಡಿಸಿ ಮನದ ಆಸೆಗೆ ಕಟ್ಟಿದ. ಇಂದ್ರನ ಇನ್ನೊಂದು ಆಸ್ತಿಯಾದ ಇಂದ್ರಜಾಲ ಅಥರ್ವವೇದದಲ್ಲಿ ಶತ್ರುಸೇನೆಯ ಮೇಲೆ ಬೀಸುವ ಬಲೆ. ಈಗ ಅದು ಟಿಕೆಟ್ ಕೊಟ್ಟು ನೋಡುವ ಆಟ.

ಮ್ಯಾಜಿಕ್ ಪದದ ಮೂಲ ಪ್ರಾಚೀನ ಪರ್ಷಿಯಾದ ಪುರೋಹಿತ, ‘ಮಗು’. (ನಮ್ಮ ತೊಟ್ಟಿಲಿನ ಮಗುವಿಗೂ ಇದಕ್ಕೂ ನಂಟಿಲ್ಲ.) ಗ್ರೀಕರಿಗೆ ಆತ ಪರದೇಶಿ, ಅವನ ಪೂಜೆ ಅವರ ಕಣ್ಣಿಗೆ ಮೋಸದ ವಿದ್ಯೆಯಾಗಿ ಕಂಡಿತು. ತನ್ನದು ಪೂಜೆ, ಪಕ್ಕದವನದು ಮಾಟ ಎಂಬ ಲೆಕ್ಕ ಅಷ್ಟು ಹಳೆಯದು. ಜಾದು ಕೂಡ ಪರ್ಷಿಯನ್ ಮಾತೇ. ವೇದದಲ್ಲಿ ದುಷ್ಟ ಮಾಂತ್ರಿಕರಿಗೆ ಹೇಳುವ ‘ಯಾತುಧಾನ’ದೊಳಗಿನ ‘ಯಾತು’ ಅದರ ದಾಯಾದಿ.

ನನಗೆ ಹೆಚ್ಚು ಕಾಡುವುದು ಗಾರುಡಿ. ಗರುಡನ ಹೆಸರು ಹೇಳಿ ಹಾವಿನ ವಿಷ ಇಳಿಸುವವನು ಗಾರುಡಿಗ. ಅವನೇ ಸಂತೆಯಲ್ಲಿ ಕಣ್ಕಟ್ಟು ತೋರಿಸುವವನೂ ಆದ. 2017ರಲ್ಲಿ ವಿಧಾನಮಂಡಲ ಒಪ್ಪಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಹಾವು ಕಚ್ಚಿದವರನ್ನು ಚಿಕಿತ್ಸೆಗೆ ಬಿಡದೆ ಮಂತ್ರ ಹಾಕುವುದು ಅಪರಾಧ. ಇಂಥವುಗಳಿಗೆಲ್ಲ ಸಿಕ್ಕ ಹೆಸರು ವಾಮಾಚಾರ, ತಂತ್ರಮಾರ್ಗದ ಒಂದು ಕವಲಿಗೆ ಮೀಸಲಾಗಿದ್ದ ಪದ. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಕಾಯ್ದೆ ಮುಟ್ಟಲಿಲ್ಲ. ಅವನ್ನು ಮುಟ್ಟುವ ಧೈರ್ಯ ಯಾವ ಪಕ್ಷಕ್ಕೂ ಇದ್ದಂತಿಲ್ಲ.

ಪವಾಡ ಬಯಲು ಮಾಡುವವರು ಶಾಲೆಗಳಲ್ಲಿ ಬರಿಗೈಯಿಂದ ವಿಭೂತಿ ಉದುರಿಸುತ್ತಾರೆ. ಆಮೇಲೆ ಹೆಬ್ಬೆರಳ ಸಂದು ಬಿಡಿಸಿ ತೋರಿಸುತ್ತಾರೆ: ಬೂದಿಯನ್ನು ಗಂಜಿಯಲ್ಲಿ ಕಲಸಿ ಒಣಗಿಸಿದ ಗುಳಿಗೆ. ಬೆರಳಿನಿಂದ ಹಿಸುಕಿದರೆ ಪುಡಿ. ಮಕ್ಕಳು ತಮಗೂ ಒಂದು ಗುಳಿಗೆ ಬೇಕೆಂದು ಕೈ ಚಾಚುತ್ತಾರೆ.