ತುಕ್ಕು ನಿವಾರಕ: ಬರುವ ಮುಂಚೆಯೋ, ಬಂದ ಮೇಲೋ?

ಅನುವಾದಕ್ಕೆಂದು ಕಂಪನಿಗಳಿಂದ ನನಗೆ ಬರುವ ಎಕ್ಸೆಲ್ ಹಾಳೆಗಳಲ್ಲಿ ಒಂದು ಬಗೆಯದನ್ನು ಕಂಡರೆ ತಲೆ ಚಿಟ್ಟುಹಿಡಿಯುತ್ತದೆ. ಎಡಗಡೆ ಪ್ರಿವೆಂಟ್, ಅವಾಯ್ಡ್, ಇನ್‌ಹಿಬಿಟ್, ಪ್ರೊಹಿಬಿಟ್, ಡಿಟರ್ ಎಂದು ತಡೆಯುವ, ತಪ್ಪಿಸುವ ಅರ್ಥದ ಇಂಗ್ಲಿಷ್ ಪದಗಳು ಸಾಲಾಗಿ ಇಳಿದಿರುತ್ತವೆ. ಬಲಗಡೆ ಖಾಲಿ ಕಾಲಂ. "ಸರ್, ಒಂದೊಂದಕ್ಕೆ ಒಂದೊಂದು ಕನ್ನಡ ಪದ ಹಾಕ್ಕೊಡಿ ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ." ಅವರು ನೋಡಿಕೊಳ್ಳುತ್ತಾರಲ್ಲ, ಅದೇ ನನಗೆ ಭಯ. ಲೇಬಲ್ಲು, ಕೈಪಿಡಿ, ಗೋಡೆಯ ಫಲಕ ಎಲ್ಲದಕ್ಕೂ ಆ ಒಂದು ಪದವನ್ನೇ ಫೈಂಡ್-ರಿಪ್ಲೇಸ್ ಮಾಡಿ ಅಂಟಿಸಿಬಿಡುತ್ತಾರೆ.

ಅಂಥ ಹಾಳೆಯಿಂದ ಹುಟ್ಟಿದ ಎರಡು ಡಬ್ಬಿಗಳನ್ನು ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನೋಡಿದೆ. ಒಂದೇ ಕಂಪನಿ, ಒಂದೇ ಬಣ್ಣ, ಎರಡರ ಮೇಲೂ 'ತುಕ್ಕು ನಿವಾರಕ'. ಒಂದರಲ್ಲಿದ್ದದ್ದು ಎಣ್ಣೆ. ಶುಭ್ರವಾದ ಕಬ್ಬಿಣಕ್ಕೆ ಬಳಿದರೆ ತೆಳುವಾಗಿ ಹರಡಿಕೊಂಡು ಗಾಳಿ, ತೇವ ತಾಗಗೊಡುವುದಿಲ್ಲ. ಇನ್ನೊಂದು ಫಾಸ್ಫರಿಕ್ ಆಮ್ಲ ಬೆರೆಸಿದ ದ್ರವ. ಹಿಡಿದ ತುಕ್ಕನ್ನು ಕರಗಿಸಿ ತೆಗೆಯುವಂಥದ್ದು, ಕೈಗವಸಿಲ್ಲದೆ ಮುಟ್ಟಬಾರದು. ರೈತರೊಬ್ಬರು ಮಳೆಗಾಲಕ್ಕೆ ಮುಂಚೆ ಹೊಸ ಕುಡುಗೋಲಿಗೆ ಈ ಎರಡನೆಯದನ್ನು ಬಳಿದು ಅಟ್ಟಕ್ಕೆ ಹಾಕಿದ್ದರಂತೆ. ತೆಗೆದು ನೋಡುವಾಗ ಅಲಗು ತರಿತರಿ. "ಅವರದೇನು ತಪ್ಪು ಸರ್? ಡಬ್ಬಿ ಮೇಲೆ ಬರೆದಿರೋದನ್ನ ನಂಬಿದಾರೆ" ಅಂದರು ಅಂಗಡಿಯವರು. ಈಗ ಅವರೇ ಮಾರ್ಕರ್ ಪೆನ್ನಿನಲ್ಲಿ ಒಂದರ ಮುಚ್ಚಳದ ಮೇಲೆ 'ಎಣ್ಣೆ', ಇನ್ನೊಂದರ ಮೇಲೆ 'ಆಸಿಡ್' ಎಂದು ಬರೆದಿಟ್ಟಿದ್ದಾರೆ. ಆ ಎರಡು ಡಬ್ಬಿಗಳ ಮೇಲೆ ಅರ್ಥವಾಗುವ ಮಾತೆಂದರೆ ಅದೊಂದೇ.

'ನಿವಾರಣೆ' ಎರಡೂ ಕಡೆ ಸಲ್ಲುವ ಪದ. ಕುಂದುಕೊರತೆ ನಿವಾರಣೆ ಅಂದರೆ ಕೊರತೆ ಆಗಲೇ ಬಂದು ಕೂತಿದೆ. ನೋವು ನಿವಾರಕ ಮಾತ್ರೆ ನುಂಗುವುದು ನೋವು ಶುರುವಾದ ಮೇಲೆ. ಸೊಳ್ಳೆ ನಿವಾರಕ ಹಚ್ಚಿಕೊಳ್ಳುವುದು ಕಚ್ಚುವ ಮುಂಚೆ. ಇಲ್ಲೆಲ್ಲ ಗೊಂದಲವಿಲ್ಲ, ನೋವು ಯಾವುದು, ಸೊಳ್ಳೆ ಯಾವುದು ಎಂದು ಮಗುವಿಗೂ ಗೊತ್ತು. ತುಕ್ಕು, ಬೂಷ್ಟು, ಕಲೆ, ಸೋರಿಕೆ ಬಂದಾಗ ತೊಡಕು. ಇವು ಬಾರದ ಹಾಗೆ ಮಾಡುವ ಸರಕೂ ಮಾರಾಟಕ್ಕಿದೆ, ಬಂದದ್ದನ್ನು ತೆಗೆಯುವ ಸರಕೂ ಇದೆ. ಹಾಗಾಗಿ ಕೆಲಸ ಕೊಡುವವರಿಗೆ ನಾನು ಹಾಕುವ ಪ್ರಶ್ನೆ ಒಂದೇ: ಅದು ಆಗಿದೆಯೋ, ಇನ್ನೂ ಆಗಿಲ್ಲವೋ? ಉತ್ತರ ಬಂದರೆ ಕನ್ನಡ ತಾನಾಗಿ ಬರುತ್ತದೆ. ಒಂದು ಡಬ್ಬಿಗೆ 'ತುಕ್ಕು ಹಿಡಿಯದಂತೆ ಬಳಿಯುವ ಎಣ್ಣೆ', ಇನ್ನೊಂದಕ್ಕೆ 'ಹಿಡಿದ ತುಕ್ಕು ತೆಗೆಯುವ ದ್ರವ'. "ಉದ್ದ ಆಯ್ತು ಸರ್" ಎನ್ನುತ್ತಾರೆ. ಆಗಲಿ. ನಿಮ್ಮ ಕಂಪನಿಯ ಹೆಸರನ್ನು ಒಂದಿಷ್ಟು ಸಣ್ಣದಾಗಿ ಅಚ್ಚು ಹಾಕಿಸಿ.

ಇದು ಕನ್ನಡದ ಬಡತನ ಎಂದು ಒಬ್ಬ ಮ್ಯಾನೇಜರ್ ನನಗೆ ಪಾಠ ಹೇಳಿದ್ದುಂಟು. ಯುರೋಪಿನ ಲಾಟ್ವಿಯಾದವರ ಪಾಡೂ ಇದೇ ಎಂದು ಅವರಿಗೆ ತಿಳಿಸಿದೆ. ಅಲ್ಲಿನ ರಾಜಧಾನಿ ರೀಗಾದಲ್ಲಿ ನನ್ನದೇ ಕಸುಬಿನ ಒಬ್ಬಾಕೆಯಿದ್ದಾರೆ. ಒಂದೇ ಯಂತ್ರದ ಕೈಪಿಡಿಯನ್ನು ಅವರು ಲಾಟ್ವಿಯನ್‌ಗೆ, ನಾನು ಕನ್ನಡಕ್ಕೆ ತಂದಾಗಿನಿಂದ ಪರಿಚಯ. ಅವರ ಭಾಷೆಯಲ್ಲಿ ಪ್ರಿವೆಂಟ್‌ಗೆ ಮೊದಲು ನಾಲಗೆಗೆ ಬರುವ ಪದ 'ನೊವೇರ್ಸ್ಟ್'. 'ನೊ' ಎಂದರೆ ಆಚೆಗೆ, 'ವೇರ್ಸ್ಟ್' ಎಂದರೆ ತಿರುಗಿಸು. ನಮ್ಮ ಆವರ್ತನ, ಪರಿವರ್ತನೆಗಳೊಳಗಿನ 'ವರ್ತ'ಕ್ಕೆ ಅದು ದೂರದ ನೆಂಟ ಎಂದು ಭಾಷಾಶಾಸ್ತ್ರ ಹೇಳುತ್ತದೆ. ಆ ಪದವೂ ನಮ್ಮ ನಿವಾರಣೆಯ ಹಾಗೆಯೇ ಎರಡು ಕಡೆ ಕಾಲಿಟ್ಟುಕೊಂಡಿದೆ: ಅಪಘಾತವನ್ನು ನೊವೇರ್ಸ್ಟ್ ಮಾಡಿದರೆ ಅದು ಆಗಲೇ ಇಲ್ಲ, ಕೊರತೆಯನ್ನು ನೊವೇರ್ಸ್ಟ್ ಮಾಡಿದರೆ ಇದ್ದದ್ದು ಹೋಯಿತು.

ಅವರು ಹೇಗೆ ನಿಭಾಯಿಸುತ್ತಾರೆ ನೋಡಿ. 2002ರಲ್ಲಿ ಶುರುವಾದ ಅಲ್ಲಿನ ಭ್ರಷ್ಟಾಚಾರ ನಿಗ್ರಹ ಸಂಸ್ಥೆ 'ಕ್ನಾಬ್'ನ ಪೂರ್ತಿ ಹೆಸರಿನಲ್ಲಿ ಈ ಪದವೇ ಇದೆ, ಆದರೆ ಪಕ್ಕದಲ್ಲೇ 'ಹೋರಾಡುವುದು' ಎಂಬರ್ಥದ 'ಅಪ್‌ಕರೊಶಾನಾ' ಕೂತಿದೆ. ನಡೆದದ್ದರ ವಿರುದ್ಧ ಹೋರಾಟ ಎರಡನೆಯ ಪದದ ಪಾಲಿಗೆ ಹೋದ್ದರಿಂದ, ಮೊದಲನೆಯದಕ್ಕೆ ನಡೆಯದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಉಳಿಯಿತು. ರೋಗ ನಿಯಂತ್ರಣದ ಕೇಂದ್ರಕ್ಕೆ ಹೆಸರಿಡುವಾಗ ಅದನ್ನು ಕೈಬಿಟ್ಟು, ರೋಗ ಬಾರದಂತೆ ನೋಡಿಕೊಳ್ಳುವುದು ಎಂಬರ್ಥದ 'ಪ್ರೊಫಿಲಾಕ್ಸೆ' ಎಂದಿದ್ದಾರೆ. ಇನ್ನೂ ಖಚಿತವಾಗಿ ಹೇಳಬೇಕೆಂದರೆ 'ನೆಪಿಯೆಲ್ಯೌತ್', ಅಂದರೆ ಆಗಗೊಡದಿರು. ಅದನ್ನು ಕೇಳಿದಾಗ ನನಗೆ ಖುಷಿಯೋ ಖುಷಿ. ನಮ್ಮ ಅಜ್ಜಿಯಂದಿರು ದಿನವಿಡೀ ಹೇಳುತ್ತಿದ್ದದ್ದೇ ಅದು: ಹಾಲು ಉಕ್ಕಗೊಡಬೇಡ, ಬೆಕ್ಕನ್ನು ಒಳಗೆ ಬರಗೊಡಬೇಡ.

ಕನ್ನಡದಲ್ಲಿ ತಡೆಯುವ ಕೆಲಸವನ್ನು ಬಹುಪಾಲು ಮಾಡುವುದು ನಾಮಪದವಲ್ಲ, ಕ್ರಿಯಾಪದದ ಬಾಲ. ಉಕ್ಕದಂತೆ, ಸೋರದಂತೆ, ಜಾರದಂತೆ, ಕಚ್ಚದಂತೆ. 'ಸೋರಿಕೆ ತಡೆಗಟ್ಟುವಿಕೆಗಾಗಿ ವಾಲ್ವ್ ಬಿಗಿಗೊಳಿಸುವಿಕೆಯನ್ನು ಖಚಿತಪಡಿಸಿ' ಎಂದು ಬರೆದರೆ ಪಾಳಿಯ ಹುಡುಗ ಓದುವುದಿಲ್ಲ. 'ಸೋರದಂತೆ ವಾಲ್ವ್ ಬಿಗಿ ಮಾಡಿ' ಅಂದರೆ ಓದುವಷ್ಟರಲ್ಲಿ ಕೈ ಸ್ಪ್ಯಾನರ್‌ಗೆ ಹೋಗಿರುತ್ತದೆ. ಎಕ್ಸೆಲ್ ಹಾಳೆಯ ಖಾಲಿ ಮನೆಯಲ್ಲಿ ಈ '-ದಂತೆ'ಯನ್ನು ನಾನು ಹೇಗೆ ಕೂರಿಸಲಿ? ಅದಕ್ಕೆ ಕ್ರಿಯೆ ಬೇಕು, ವಾಕ್ಯ ಬೇಕು. ಪದಪಟ್ಟಿ ಬೇಡ, ಇಡೀ ಲೇಬಲ್ ಕಳಿಸಿ ಎಂದು ನಾನು ಗೋಗರೆಯುವುದು ಇದಕ್ಕೇ, ಹೆಚ್ಚು ಬಿಲ್ ಮಾಡಲಿಕ್ಕಲ್ಲ.

ಅವಾಯ್ಡ್‌ನದು ಬೇರೆ ರಗಳೆ. ಅದಕ್ಕೆ 'ತಪ್ಪಿಸು' ಎಂದು ಹಾಕಿಸಿಕೊಂಡವರು 'ಬಿಸಿಲು ತಪ್ಪಿಸಿ' ಎಂದು ಬರೆಯುತ್ತಾರೆ, ಹೇಗೋ ನಡೆಯುತ್ತದೆ. ಅದೇ ಕೈಯಲ್ಲಿ ಔಷಧದ ಹಾಳೆಗೆ ಹೋದರೆ, ಅಲ್ಲಿ 'ಮಾತ್ರೆ ತಪ್ಪಿಸಬೇಡಿ' ಎಂದರೆ ಒಂದು ಹೊತ್ತೂ ಬಿಡದೆ ನುಂಗಿ ಎಂದರ್ಥ. ಹಾಗಾದರೆ 'ಮದ್ಯ ತಪ್ಪಿಸಿ' ಅಂದರೇನು? ದಿನಾ ಕುಡಿಯುವವರು ಒಂದು ದಿನ ಬಿಟ್ಟರೆ ಸಾಕೇ? ನಗಬೇಡಿ, ಹಾಗೆ ಓದಿಕೊಂಡವರಿದ್ದಾರೆ. 'ಮದ್ಯ ಕುಡಿಯಬಾರದು' ಎನ್ನಲು ಏನು ಕಷ್ಟ?

ಪ್ರೊಹಿಬಿಟ್ ವಿಷಯ ಚಿಕ್ಕದು: ನಿಷೇಧಿಸಿದ ಮಾತ್ರಕ್ಕೆ ತಡೆದಂತಾಗುವುದಿಲ್ಲ. 'ಇಲ್ಲಿ ಕಸ ಹಾಕುವುದನ್ನು ನಿಷೇಧಿಸಲಾಗಿದೆ' ಎಂಬ ಫಲಕ ಯಾವಾಗಲೂ ಕಸದ ರಾಶಿಯ ಹಿಂದೆಯೇ ಇರುತ್ತದೆ. ಕಾನೂನಿನ ಹೆಸರುಗಳಲ್ಲಿ ಮಾತ್ರ ಪದ ಅದಲುಬದಲು ಮಾಡಬೇಡಿ. ಬಾಲ್ಯವಿವಾಹದ 1929ರ ಕಾಯ್ದೆ 'ತಡೆ'ಯದು. ಅದರ ಜಾಗಕ್ಕೆ ಬಂದ 2006ರದು 'ನಿಷೇಧ'ದ್ದು. ಪತ್ರಿಕೆಗಳು ಎರಡನ್ನೂ ಬೆರೆಸಿ ಬರೆಯುತ್ತವೆ. ವಿಚಿತ್ರವೆಂದರೆ, ಮದುವೆಗೆ ಮುಂಚೆಯೇ ಮ್ಯಾಜಿಸ್ಟ್ರೇಟರಿಂದ ತಂದ ತಡೆಯಾಜ್ಞೆ ಮೀರಿ ತಾಳಿ ಕಟ್ಟಿದರೆ ಆ ಮದುವೆಯೇ ಅಸಿಂಧು ಎಂಬ ನಿಯಮ ಇರುವುದು ನಿಷೇಧದ ಹೆಸರಿನ ಹೊಸ ಕಾಯ್ದೆಯಲ್ಲಿ. ಹೆಚ್ಚಿನ ವಿವರಕ್ಕೆ ವಕೀಲರನ್ನೇ ಕೇಳಿ.

ರೀಗಾದಾಕೆ ನನ್ನನ್ನು ಕಂಡು ಕನಿಕರಪಡುವ ಒಂದು ಸಂಗತಿಯಿದೆ. ಐರೋಪ್ಯ ಒಕ್ಕೂಟದಲ್ಲಿ ರಾಸಾಯನಿಕಗಳ ಎಚ್ಚರಿಕೆಯ ವಾಕ್ಯಗಳು 2008ರ 1272ನೇ ನಿಯಮಾವಳಿಯಲ್ಲಿ ಭಾಷೆ ಭಾಷೆಗೂ ಸಿದ್ಧವಾಗಿವೆ. ಯಾರೂ ಹೊಸದಾಗಿ ತಿಣುಕಬೇಕಿಲ್ಲ. ಮಕ್ಕಳ ವಿಚಾರದ ವಾಕ್ಯ ಲಾಟ್ವಿಯನ್‌ನಲ್ಲಿ 'ಸರ್ಗಾತ್ ನೊ ಬೇರ್ನಿಯೆಮ್'. ಅಕ್ಷರಶಃ ತೆಗೆದುಕೊಂಡರೆ, ಡಬ್ಬಿಯನ್ನು ಮಕ್ಕಳಿಂದ ಕಾಪಾಡುವುದು! ಹೆತ್ತವರು ಅದನ್ನೂ ಒಪ್ಪಿಯಾರು. ಆ ವಾಕ್ಯದ ಕ್ರಿಯಾಪದಕ್ಕೆ ನೀನು-ನೀವು ಎಂಬ ಗುರುತಿಲ್ಲ, ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಹೇಳಿಬಿಡಬಹುದು. ನಾನಾದರೆ ಬೇಡಿ, ಬಾರದು, ಕೂಡದು ಮೂರರಲ್ಲಿ ಒಂದನ್ನು ಆರಿಸಬೇಕು, ಅದೂ ಎಷ್ಟು ಗದರಬೇಕು ಎಂದು ಅಳೆದು. ಆಸಿಡ್ ಡಬ್ಬಿಗೆ 'ಮುಟ್ಟಕೂಡದು' ಎನ್ನುತ್ತೇನೆ. ಮಕ್ಕಳ ವಾಕ್ಯಕ್ಕೆ 'ಮಕ್ಕಳಿಂದ ದೂರವಿಡಿ' ಚಾಲ್ತಿಯಲ್ಲಿದೆ, ನಾನು ಬರೆಯುವುದು 'ಮಕ್ಕಳ ಕೈಗೆ ಸಿಗದಂತೆ ಇಡಿ'. ದೂರವೆಂದರೆ ಪಕ್ಕದ ಕೋಣೆಯೂ ದೂರವೇ. ಕೈಗೆ ಸಿಗದಂತೆ ಎಂದರೆ ತಾಯಿಯ ಕಣ್ಣು ನೇರ ಮೇಲಿನ ಶೆಲ್ಫಿಗೆ ಹೋಗುತ್ತದೆ.

ಇದನ್ನೆಲ್ಲ ಓದಿ ಔಷಧ, ಕೀಟನಾಶಕಗಳ ಲೇಬಲ್ ತಿದ್ದಲು ಹೊರಡಬೇಡಿ. ಕೀಟನಾಶಕದ ಡಬ್ಬಿ 1968ರ ಕಾಯ್ದೆಯಡಿ ಬರುತ್ತದೆ, ಅದರ ಮೇಲಿನ ಮಾತಿಗೆ ಮಂಜೂರಾತಿ ಬೇಕು. ಔಷಧದ ಮಾತನ್ನು ವೈದ್ಯರು, ಕಂಪನಿಯ ನಿಯಂತ್ರಣ ವಿಭಾಗದವರು ನೋಡದೆ ನಾನೂ ಮುಟ್ಟುವುದಿಲ್ಲ. ಉಳಿದ ಸರಕಿಗೆ ಇಡೀ ಲೇಬಲ್ಲಿನ ಜೊತೆ ಡಬ್ಬಿಯ ಒಂದು ಫೋಟೊ ಕಳಿಸಿ. ಒಳಗಿರುವುದು ಎಣ್ಣೆಯೋ ಆಸಿಡ್ಡೋ ಎಂದು ಒಂದು ಸಾಲಿನಲ್ಲಿ ಬರೆದರಂತೂ ಕೆಲಸ ಅರ್ಧ ಮುಗಿದಂತೆ.