ಧ್ರುವ ಪ್ರದೇಶ ಎಲ್ಲಿಂದ ಶುರು?

ಶಾಲೆಯ ಭೂಪಟದಲ್ಲಿ ಉತ್ತರದ ತುದಿಗೆ ಚುಕ್ಕೆ ಚುಕ್ಕೆಯಾಗಿ ಒಂದು ಗೆರೆ ಇರುತ್ತಿತ್ತು, ನೆನಪಿದೆಯಾ? ಅದು ಆರ್ಕ್‌ಟಿಕ್ ವೃತ್ತ, ಸುಮಾರು 66.5 ಡಿಗ್ರಿ ಅಕ್ಷಾಂಶ. ಅದನ್ನು ದಾಟಿದರೆ ಹಿಮದ ಲೋಕ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಆ ಗೆರೆ ಹೇಳುವುದು ಬರೀ ಬಿಸಿಲಿನ ಲೆಕ್ಕ: ಅಲ್ಲಿಂದಾಚೆ ವರ್ಷಕ್ಕೆ ಒಂದು ದಿನವಾದರೂ ಸೂರ್ಯ ಮುಳುಗುವುದಿಲ್ಲ. ಚಳಿಯ ಗೆರೆ ಬೇರೆ. ಅದನ್ನು ಎಳೆದಿರುವುದು ಮರಗಳು.

ಚಳಿಗಾಲ ಎಷ್ಟೇ ಕಠಿಣವಾಗಿರಲಿ, ಸೈಬೀರಿಯಾದ ಲಾರ್ಚ್ ಮರ ತಡೆದುಕೊಳ್ಳುತ್ತದೆ. ಅದಕ್ಕೆ ಬೇಕಾಗಿರುವುದು ಬೇಸಿಗೆಯ ಒಂದಿಷ್ಟು ಬಿಸಿ. ಜುಲೈ ತಿಂಗಳ ಸರಾಸರಿ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮರಕ್ಕೆ ಬೆಳೆದು ಬಲಿಯುವಷ್ಟು ಕಾಲವೇ ಸಿಗುವುದಿಲ್ಲ. ಅಲ್ಲಿಗೆ ಕಾಡು ನಿಲ್ಲುತ್ತದೆ. ಮುಂದೆ ಪಾಚಿ, ಕಲ್ಲುಹೂವು, ನೆಲಕ್ಕೆ ಅಂಟಿಕೊಂಡ ಗಿಡಗಳ ಟಂಡ್ರಾ. ಹವಾಗುಣ ನೋಡಿ ವಲಯ ಗುರುತಿಸುವವರಿಗೆ ಧ್ರುವ ವಲಯ ಇಲ್ಲಿಂದ ಶುರು.

ಈ ಗೆರೆ ನೆಟ್ಟಗಿಲ್ಲ. ನಾರ್ವೆಯ ಆಲ್ಟಾ ಪಟ್ಟಣ 70 ಡಿಗ್ರಿ ಉತ್ತರದಲ್ಲಿದೆ. ಆದರೂ ಅಲ್ಲಿ ಪೈನ್ ಕಾಡಿದೆ! ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಆ ಕರಾವಳಿಯನ್ನು ಕಾಯುತ್ತದೆ. ಕೆನಡಾದ ಚರ್ಚಿಲ್ ಪಟ್ಟಣ ಇರುವುದು 59 ಡಿಗ್ರಿಯ ಹತ್ತಿರ, ಅಂದರೆ ಆಲ್ಟಾಗಿಂತ ಸುಮಾರು 1,200 ಕಿಲೋಮೀಟರ್‌ನಷ್ಟು ಧ್ರುವದಿಂದ ಇನ್ನೂ ದೂರಕ್ಕೆ. ಅಲ್ಲಿ ಮಾತ್ರ ಕಾಡು ಮುಗಿದು ಟಂಡ್ರಾ ಬಂದಿರುತ್ತದೆ, ಊರಂಚಿಗೆ ಹಿಮಕರಡಿಗಳು ಬರುತ್ತವೆ. ಪಕ್ಕದ ಹಡ್ಸನ್ ಕೊಲ್ಲಿ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಹೆಪ್ಪುಗಟ್ಟಿರುತ್ತದೆ. ಅದು ಕರಗುವ ಹೊತ್ತಿಗೆ ಬೇಸಿಗೆಯೇ ಅರ್ಧ ಕಳೆದಿರುತ್ತದೆ.

ದಕ್ಷಿಣದಲ್ಲಿ ಆ ಅಕ್ಷಾಂಶಗಳಲ್ಲಿ ಕಾಡು ಬೆಳೆಯುವಂಥ ನೆಲವೇ ಇಲ್ಲ, ಬಹುಪಾಲು ಸಮುದ್ರ. ಅಲ್ಲಿ ಗೆರೆ ಎಳೆದಿರುವುದು ನೀರು. ಅಂಟಾರ್ಕ್‌ಟಿಕಾದ ತಣ್ಣೀರು ಉತ್ತರದ ಬೆಚ್ಚನೆಯ ನೀರನ್ನು ಸಂಧಿಸಿ ಅದರಡಿ ಇಳಿಯುವ ಒಂದು ಪಟ್ಟಿ ಇಡೀ ಖಂಡವನ್ನು ಬಳಸಿದೆ. ಕೇಪ್‌ಟೌನ್‌ನಿಂದ ಹಡಗು ಹತ್ತಿ ನಮ್ಮ ಮೈತ್ರಿ ನೆಲೆಗೆ ಹೋಗುವ ವಿಜ್ಞಾನಿಗಳು ಅದನ್ನು ದಾಟಲೇಬೇಕು. ಕಣ್ಣಿಗೆ ಗೆರೆ ಕಾಣುವುದಿಲ್ಲ, ಆದರೆ ನೀರಿಗಿಳಿಸಿದ ಥರ್ಮಾಮೀಟರ್ ಸ್ವಲ್ಪ ದೂರದಲ್ಲೇ ಎರಡು ಮೂರು ಡಿಗ್ರಿ ಇಳಿದುಬಿಡುತ್ತದೆ.

ಈ ಪಟ್ಟಿಯ ಒಳಗೆ, ಸುಮಾರು 54 ಡಿಗ್ರಿ ದಕ್ಷಿಣದಲ್ಲಿ, ಸೌತ್ ಜಾರ್ಜಿಯಾ ದ್ವೀಪವಿದೆ. ಅದರ ಅರ್ಧಕ್ಕಿಂತ ಹೆಚ್ಚು ನೆಲವನ್ನು ಹಿಮನದಿಗಳು ಮುಚ್ಚಿವೆ. ಒಂದೇ ಒಂದು ಮರವಿಲ್ಲ. ಸಮಭಾಜಕದಿಂದ ಅಷ್ಟೇ ದೂರ ಉತ್ತರಕ್ಕೆ ಹೋದರೆ ಇಂಗ್ಲೆಂಡಿನ ಯಾರ್ಕ್ ಸಿಗುತ್ತದೆ. ಅಲ್ಲಿ ರೈತರು ಗೋಧಿ ಬೆಳೆಯುತ್ತಾರೆ.