ಗೆಳೆಯನ ನೋಟ್ಸ್ ಕೊಡಿಸಿದರೆ ಮಗು ಸೋಮಾರಿಯಾಗುತ್ತದೆಯೇ?

ಪ್ರಶ್ನೆ: ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಸ್ನಾಯುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ನನ್ನ ಮಗ ಆರನೇ ತರಗತಿಯಲ್ಲಿದ್ದಾನೆ. ಬೋರ್ಡಿನಲ್ಲಿರುವುದನ್ನು ಅವನು ಅರ್ಧ ಬರೆಯುವಷ್ಟರಲ್ಲಿ ಅಳಿಸಿಬಿಡುತ್ತಾರೆ. ಬೇರೆ ಮಕ್ಕಳ ನೋಟ್ಸ್ ಕೊಟ್ಟರೆ ಸೋಮಾರಿಯಾಗುತ್ತಾನೆ ಎನ್ನುತ್ತಾರೆ. ಏನು ಮಾಡಲಿ?

ಶಾಲೆ ಆರಂಭವಾಗುವ ಪ್ರತಿ ಜೂನ್‌ನಲ್ಲಿ ಈ ಪ್ರಶ್ನೆ ಬರುತ್ತದೆ, ಪ್ರತಿ ಜೂನ್‌ನಲ್ಲಿಯೂ ನನ್ನ ಉತ್ತರ ಒಂದೇ: ಕೊಡಿಸಿ. ಪಕ್ಕದಲ್ಲಿ ಕೂರುವ ಮಗು ಬಿಡಿ ಹಾಳೆಗಳ ನಡುವೆ ಕಾರ್ಬನ್ ಪೇಪರ್ ಇಟ್ಟು ಬರೆದರೆ ಪೀರಿಯಡ್ ಮುಗಿಯುವಾಗ ಎರಡನೇ ಪ್ರತಿ ಸಿದ್ಧವಿರುತ್ತದೆ. ಹೊರೆ ಒಬ್ಬರ ಮೇಲೆಯೇ ಬೀಳದಂತೆ ವಾರಕ್ಕೊಬ್ಬರನ್ನು ಬದಲಿಸಬಹುದು. ಶಿಕ್ಷಕರು ತಮ್ಮ ಮೊಬೈಲಿನಲ್ಲಿ ಬೋರ್ಡಿನ ಚಿತ್ರ ತೆಗೆದು ಸಂಜೆ ನಿಮಗೆ ಕಳುಹಿಸಿದರೂ ಸಾಕು.

ಇನ್ನು ಆ ಹಳೆಯ ನಂಬಿಕೆಯ ವಿಚಾರ. 'ಕೈಯಾರೆ ಬರೆದರೆ ಮಾತ್ರ ತಲೆಗೆ ಹತ್ತುತ್ತದೆ' ಎನ್ನುವವರು ನಮ್ಮ ಶಾಲೆಗಳಲ್ಲಿ ನೋಟ್ಸ್ ಎಂದರೆ ಏನೆಂಬುದನ್ನು ಒಮ್ಮೆ ನೋಡಬೇಕು. ಬೋರ್ಡಿನ ಮೇಲೆ ಬರೆದ ಪ್ರಶ್ನೋತ್ತರವನ್ನು ಒಂದಕ್ಷರವೂ ಬಿಡದೆ ಇಳಿಸಿಕೊಳ್ಳುವುದು, ಅದಕ್ಕೆ ಕೆಂಪು ಶಾಯಿಯ ಸಹಿ ಬೀಳುವುದು, ಅಷ್ಟೇ. ಈ ನಂಬಿಕೆಗೆ ಆಧಾರವಾಗಿ ಹೇಳುವ, 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವು ಕಾಲೇಜು ವಿದ್ಯಾರ್ಥಿಗಳನ್ನು ಕುರಿತದ್ದು. ಲ್ಯಾಪ್‌ಟಾಪಿನಲ್ಲಿ ಉಪನ್ಯಾಸವನ್ನು ಹೆಚ್ಚುಕಡಿಮೆ ಪದಶಃ ಇಳಿಸಿಕೊಂಡವರಿಗಿಂತ ಕೈಯಲ್ಲಿ ಬರೆದವರು ವಿಷಯವನ್ನು ಹೆಚ್ಚು ಗ್ರಹಿಸಿದ್ದರೆಂದೂ, ಅವರು ಕೇಳಿದ್ದನ್ನು ತಮ್ಮ ಮಾತಿಗೆ ಒಗ್ಗಿಸಿ ಬರೆದದ್ದು ಅದಕ್ಕೆ ಕಾರಣವಿರಬೇಕೆಂದೂ ಅದು ಹೇಳಿತು. ಹಾಗಿದ್ದರೆ ಆ ಅಧ್ಯಯನ ಪ್ರಶ್ನಿಸುವುದು ನಮ್ಮ ಬೋರ್ಡ್ ನಕಲನ್ನೇ ಹೊರತು ನಿಮ್ಮ ಮಗನ ಕಾರ್ಬನ್ ಪ್ರತಿಯನ್ನಲ್ಲ!

ಸ್ನಾಯು ಬಿಗಿಯುವ ಬಗೆಯ ಸೆರೆಬ್ರಲ್ ಪಾಲ್ಸಿಯಲ್ಲಿ ಅವಸರ ಮಾಡಿದಷ್ಟೂ ಕೈ ಇನ್ನಷ್ಟು ಬಿಗಿಯುತ್ತದೆ. 'ರಾಷ್ಟ್ರ' ಎಂದು ಬರೆಯಲು ದೀರ್ಘ ಎಳೆದು, ಕೈಯೆತ್ತಿ, ಒತ್ತಕ್ಷರಗಳಿಗಾಗಿ ಕೆಳಗಿಳಿದು, ಮತ್ತೆ ಸಾಲಿಗೆ ಬರಬೇಕು. ನಮಗೆ ಅರಿವಿಲ್ಲದೆ ಆಗುವ ಈ ಚಲನೆಗಳಲ್ಲಿ ಪ್ರತಿಯೊಂದಕ್ಕೂ ಆ ಮಗು ಗಮನ ಕೊಡಬೇಕಾಗುವುದರಿಂದ ಪಾಠ ಕೇಳುವುದಕ್ಕೆ ಗಮನವೇ ಉಳಿಯುವುದಿಲ್ಲ. ನಲವತ್ತು ನಿಮಿಷ ಹೀಗೆ ಹೆಣಗುವವನನ್ನು ಸೋಮಾರಿ ಎನ್ನಲು ಬಾಯಿ ಹೇಗೆ ಬರುತ್ತದೋ ನನಗೆ ತಿಳಿಯದು.

ಅವನು ಬರೆಯಲೇಬಾರದು ಎಂದಲ್ಲ. ಮುಖ್ಯ ಪದಗಳ ಜಾಗ ಖಾಲಿ ಬಿಟ್ಟ ಹಾಳೆಯನ್ನು ಮೊದಲೇ ಕೊಟ್ಟರೆ, ಪಾಠ ಕೇಳುತ್ತ ನಾಲ್ಕೈದು ಪದಗಳನ್ನು ತಾನೇ ತುಂಬುತ್ತಾನೆ. ಹಾಳೆ ಜಾರದಂತೆ ಕ್ಲಿಪ್ ಹಾಕಿ, ಪಾದಗಳು ನೆಲಕ್ಕೆ ಊರುವಂತೆ ಕೂರಿಸಿ. ಶಾಲೆ ಒಪ್ಪದಿದ್ದರೆ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು ಹೇಳುತ್ತದೆಂದು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ.

ನೀವು ಕೇಳದ ಇನ್ನೊಂದು ಮಾತಿದೆ: ಪರೀಕ್ಷೆಯಲ್ಲಿ ಅವನ ಉತ್ತರವನ್ನು ಬರೆಯುವವರು ಯಾರು? ಅದೇ ಕಾಯ್ದೆಯ 17ನೇ ಕಲಮಿನಲ್ಲಿ ಬರಹಗಾರರ ನೆರವು, ಹೆಚ್ಚುವರಿ ಸಮಯ ಎರಡರ ಪ್ರಸ್ತಾಪವೂ ಇದೆ. ಬರಹಗಾರರ ನೆರವು ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿದ್ದವರಿಗಷ್ಟೇ ಸೀಮಿತವಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಆದರೆ ಬರಹಗಾರ ಸಿಕ್ಕ ಮಾತ್ರಕ್ಕೆ ಉತ್ತರ ಹೇಳಿ ಬರೆಸುವುದು ಬಂದುಬಿಡುವುದಿಲ್ಲ. ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡು ನುಡಿಯುವುದನ್ನು, ಎಲ್ಲಿ ಹೊಸ ಪ್ಯಾರಾ ಎಂದು ಹೇಳುವುದನ್ನು, ಬರೆದದ್ದನ್ನು ಓದಿಸಿ ತಿದ್ದಿಸುವುದನ್ನು ಮಗು ರೂಢಿಸಿಕೊಳ್ಳಬೇಕು. ಹತ್ತನೇ ತರಗತಿಯವರೆಗೆ ಕಾಯದೆ, ಈ ವರ್ಷವೇ ವಾರಕ್ಕೊಂದು ಉತ್ತರವನ್ನು ಅವನಿಂದ ಹೇಳಿಸಿ. ಅವನು ಹೇಳಿದಷ್ಟನ್ನೇ, ತಪ್ಪಿದ್ದರೆ ತಪ್ಪನ್ನೇ ಬರೆದುಕೊಳ್ಳಿ.